ಹರಿಗೋಲಿನಲ್ಲಿ ಬಂದ ಮೂಲಪುರುಷ

ನನಗೆ ಬಿಪಿ ಇಲ್ಲ, ಶುಗರ್ ಇಲ್ಲ. ಇರುವುದು ಒಂದೇ ಕಾಯಿಲೆ, ಮನೆತನದ ಜಂಬ. ಹೈಸ್ಕೂಲು ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಅದು ಇನ್ನಷ್ಟು ಹೆಚ್ಚಿತು. ಮೊದಲಾದರೆ ಕೊರೆಯಲು ಮಕ್ಕಳಿದ್ದರು, ಈಗ ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು, "ನಾವು ಹೊಳೆನರಸೀಪುರದ ಕಡೆಯ ಮೂಲ ಒಕ್ಕಲು. ಇನ್ನೊಬ್ಬರ ಮನೆಗೆ ಹೋಗಿ ನೆಲೆ ಕೇಳಿದವರಲ್ಲ" ಎಂದು ಶುರುಮಾಡುತ್ತೇನೆ. ಈ ಎರಡನೆಯ ವಾಕ್ಯದ ಗುರಿ ನನ್ನ ಭಾಮೈದ ಪುಟ್ಟಸ್ವಾಮಿ. ಅರಕಲಗೂಡಿನ ಈ ಮಹಾರಾಯ ಚನ್ನರಾಯಪಟ್ಟಣದ ಹೆಣ್ಣನ್ನು ಮದುವೆಯಾಗಿ ಅಲ್ಲೇ ಮನೆ ಅಳಿಯನಾಗಿ ನಿಂತುಬಿಟ್ಟಿದ್ದಾನೆ. ಹಬ್ಬಕ್ಕೆ ಬಂದಾಗಲೆಲ್ಲ "ಏನಯ್ಯಾ, ಅತ್ತೆ ಮನೇಲಿ ಅಪ್ಪಣೆ ತಗೊಂಡು ಬಂದ್ಯಾ?" ಎಂದು ಕೇಳದಿದ್ದರೆ ನನಗೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಅವನು ನಗುತ್ತಾನೆ. ಅವನ ಅಕ್ಕ, ಅಂದರೆ ನನ್ನ ಹೆಂಡತಿ ಜಯಮ್ಮ, ನಗುವುದಿಲ್ಲ.

ಕಾಯಿಲೆ ಕೈಮೀರಿದ್ದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಬೇಲೂರು ಬಸ್ಸಿಗೆ ಕಾಯುತ್ತಿದ್ದ ಅಮೆರಿಕದ ಹೆಂಗಸೊಬ್ಬರಿಗೆ ದಾರಿ ಹೇಳಲು ಹೋಗಿ, ಅಭ್ಯಾಸಬಲದಿಂದ ನನ್ನ ಮನೆತನವನ್ನೂ ಹೇಳಿದೆ. ಆಕೆ ಚೀಲದಿಂದ ಕಡತವೊಂದನ್ನು ತೆಗೆದರು. ಅಮೆರಿಕ ಇನ್ನೂ ಇಂಗ್ಲಿಷರ ವಸಾಹತಾಗಿದ್ದಾಗ ಅಲ್ಲಿಗೆ ಬಂದ ಆಕೆಯ ಮೂಲಪುರುಷನ ಚರಿತ್ರೆಯಂತೆ. ಹಡಗಿನ ಖರ್ಚಿಗೆ ಗತಿಯಿಲ್ಲದೆ ಏಳು ವರ್ಷ ಜೀತಕ್ಕೆ ಬರೆದುಕೊಟ್ಟು ಬಂದವನು, ಮೂರನೇ ವರ್ಷಕ್ಕೇ ಒಡೆಯನ ಬೂಟು ಹಾಕಿಕೊಂಡು ಪರಾರಿ. "ಕುಂಟುತ್ತಾನೆ, ಸುಳ್ಳು ಹೇಳುತ್ತಾನೆ, ಹಿಡಿದುಕೊಡಿ" ಎಂದು ಒಡೆಯ ಪತ್ರಿಕೆಯಲ್ಲಿ ಹಾಕಿಸಿದ್ದ ಪ್ರಕಟಣೆಯ ಪ್ರತಿಯನ್ನು ಆಕೆ ಓದಿ ಓದಿ ನಕ್ಕರು. ಆಮೇಲೆ, "ನಿಮ್ಮ ಮೂಲಪುರುಷ ಯಾರು?" ಎಂದು ಕೇಳಿದರು. ನನಗೆ ತಾತನ ಹೆಸರು ಗೊತ್ತಿತ್ತು. ಮುತ್ತಾತನದು ಸಂಶಯ. ಅದರಾಚೆ ಬರೀ ಕತ್ತಲೆ. "ಅಗೋ, ನಿಮ್ಮ ಬಸ್ಸು ಬಂತು" ಎಂದುಬಿಟ್ಟೆ. ಅದು ಸಕಲೇಶಪುರದ ಬಸ್ಸು. ನಿಜ ಹೇಳುತ್ತೇನೆ, ತುಂಬ ನಾಚಿಕೆಯಾಯಿತು.

ಕಳ್ಳನ ವಂಶದವರಿಗೇ ಕಡತವಿರುವಾಗ ನಮಗಿಲ್ಲವೇ? ನಮ್ಮ ಕಡೆ ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ಓದಿ ಹೇಳುವ ಹೆಳವರಿದ್ದಾರೆ. ಚಿಕ್ಕವನಿದ್ದಾಗ ಅವರು ಎತ್ತಿನ ಮೇಲೆ ಬರುವುದನ್ನು ನೋಡಿದ್ದೆ. ನಮ್ಮ ಮನೆತನದ ಹೆಳವ ಸಿದ್ದಪ್ಪನನ್ನು ಹುಡುಕಿಸಲು ಎರಡು ತಿಂಗಳು ಹಿಡಿಯಿತು. ಹಾಸನದ ಪಕ್ಕದ ಬೂವನಹಳ್ಳಿಯಲ್ಲಿರುವ ನಮ್ಮ ಮನೆಗೆ ಆತ ಮೊಪೆಡ್ಡಿನಲ್ಲಿ ಬಂದ. ಬೇಕಿದ್ದರೆ ಒಬ್ಬನೇ ಕೇಳಿಸಿಕೊಂಡು ಸುಮ್ಮನಾಗಬಹುದಿತ್ತು. ಹಾಗೆ ಮಾಡಿದರೆ ನಾನು ನಾನಾಗುತ್ತೇನೆಯೇ? ಹೋಳಿಗೆ ಮಾಡಿಸಿ ಪುಟ್ಟಸ್ವಾಮಿಯನ್ನೂ ಕರೆಸಿ, "ಕೂತ್ಕೊಳಯ್ಯ, ಮನೆತನ ಅಂದ್ರೆ ಏನು ಅಂತ ಇವತ್ತು ಕೇಳು" ಎಂದೆ.

ಸಿದ್ದಪ್ಪ ಪುಸ್ತಕಕ್ಕೆ ಕೈಮುಗಿದು, ಹಾಳೆ ತಿರುವಿ, ರಾಗವಾಗಿ ಶುರುಮಾಡಿದ.

"ನಿಮ್ ಮೂಲಪುರುಷ ತಿಮ್ಮೇಗೌಡ. ಬಾಗೂರ್ ಕಡೆಯೋನು ಸಾ."

"ಬಾಗೂರೇ? ಅದು ಚನ್ನರಾಯಪಟ್ಟಣದ ಕಡೆಯಲ್ಲವೇ?"

"ಊ ಸಾ. ಅತ್ತಿಗೆ ಮುದ್ದೆ ಸಣ್ಣದು ಮಾಡಿಕ್ಕುದ್ಲು ಅಂತ ಮುನಿಸ್ಕಂಡು ಮನೆ ಬುಟ್ಟ. ಹರಿಗೋಲಲ್ಲಿ ಹೇಮಾವತಿ ದಾಟ್ದ. ಒಳೆನರಸೀಪುರದ ಕಡೆ ದಡದ ಗೌಡ್ರ ಮನೇಲಿ ಮೂರೊರ್ಸ ಎಮ್ಮೆ ಕಾಯ್ದ. ಅವ್ರಿಗೆ ಒಬ್ಳೇ ಮಗಳು. ಮದ್ವೆ ಆಗಿ ಮನೆ ಅಳಿಯನಾಗಿ ನಿಂತ್ಕಂಡ. ನಿಮ್ ನೆಲೆ ಎಲ್ಲಾ ಎಣ್ಣಿನ ಕಡೆದೇ ಸಾ."

ಪುಟ್ಟಸ್ವಾಮಿ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಪುಸ್ತಕದಲ್ಲಿ ಹಾಳೆ ಅಂಟಿಕೊಂಡಿರಬಹುದು, ಇನ್ನೊಮ್ಮೆ ನೋಡು ಎಂದೆ. ಸಿದ್ದಪ್ಪ ಇನ್ನೊಮ್ಮೆ ನೋಡಿದ. ಮುದ್ದೆ ದೊಡ್ಡದಾಗಲಿಲ್ಲ, ತಿಮ್ಮೇಗೌಡ ಹೊಳೆ ದಾಟುವುದನ್ನೂ ಬಿಡಲಿಲ್ಲ.

ಆತ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪೆನ್ನು ತೆಗೆದು, "ನಿಮ್ಮುನ್ನೂ ಸೇರಿಸ್ಬೇಕಲ್ಲ ಸಾ. ಈಗಿನ್ ವಾಸ ಇದೇ ಮನೆ. ಈ ನೆಲ ತಾತನ ಕಾಲದ್ದೋ, ನೀವೇ ಮಾಡಿದ್ದೋ?" ಎಂದ. ನನಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಓದುಗರೇ, ನಿಮಗೂ ಈವರೆಗೆ ಹೇಳದೆ ಒಂದು ಸಂಗತಿ ಮುಚ್ಚಿಟ್ಟಿದ್ದೆ.

ಅಡುಗೆಮನೆಯಿಂದ ಜಯಮ್ಮನ ದನಿ ಬಂತು. ಇಷ್ಟು ವರ್ಷದಲ್ಲಿ ಅಷ್ಟು ಇಂಪಾಗಿ ಆಕೆ ಮಾತಾಡಿದ್ದೇ ಇಲ್ಲ. "ನಮ್ಮಪ್ಪ ಕೊಟ್ಟ ಸೈಟು ಅಂತ ಬರ್ಕಳಿ ಸಿದ್ದಪ್ಪಾರೇ. ಪತ್ರ ನನ್ನೆಸ್ರಲ್ಲೇ ಐತೆ."

ಸಿದ್ದಪ್ಪ ಬರೆದ. ಇಣುಕಿ ನೋಡಿದೆ: "ನೆಲೆ, ಹೆಣ್ಣಿನ ಕಡೆಯಿಂದ." ತಿಮ್ಮೇಗೌಡನಿಗೆ ಬರೆದದ್ದೂ ಅದೇ. ಅವನಾದರೂ ಮೂರು ವರ್ಷ ಎಮ್ಮೆ ಕಾಯ್ದಿದ್ದ.

ಎಲ್ಲರೂ ಊಟಕ್ಕೆ ಕೂತೆವು. ಪುಟ್ಟಸ್ವಾಮಿಯನ್ನು ಕೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅವನೇ ಎದ್ದು ಬಂದು ನನ್ನ ಎಲೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಬಹಳ ಪ್ರೀತಿಯಿಂದ ಹೇಳಿದ:

"ನಾಚ್ಕಬ್ಯಾಡಿ ಭಾವ, ಒಟ್ಟೆ ತುಂಬ ಉಣ್ಣಿ. ನಿಮ್ ಮಾವನ ಮನೆ ಅಂತ್ಲೇ ತಿಳ್ಕಳಿ."