ಅಮ್ಮನ ಎಡೆಯಲ್ಲಿ ಮೈಟೊಕಾಂಡ್ರಿಯಾ

ಮೇಷ್ಟರಾದವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. ಉತ್ತರ ತಿಳಿಯದ ಪ್ರಶ್ನೆ ಬಂದರೆ ನಮ್ಮ ಕಸುಬಿನವರು ಕನ್ನಡಕ ಒರೆಸಿಕೊಳ್ಳುತ್ತಾ, “ಅದು ಮುಂದಿನ ಪಾಠದಲ್ಲಿ ಬರುತ್ತೆ, ಕೂತ್ಕೊ” ಅಂದುಬಿಡುತ್ತೇವೆ. ದೇವನಹಳ್ಳಿಯ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೆ ಇನ್ನೂ ಒಂದು ಅನುಕೂಲವಿದೆ. ಪ್ರಶ್ನೆ ತೀರಾ ಬಿಗಿಯಾಯಿತು ಅನ್ನುವಾಗ ತಲೆಯ ಮೇಲೊಂದು ವಿಮಾನ ಹಾದುಹೋಗುತ್ತದೆ. ಅದರ ಸದ್ದು ಅಡಗುವಷ್ಟರಲ್ಲಿ ಕೇಳಿದವರಿಗೇ ಪ್ರಶ್ನೆ ಮರೆತಿರುತ್ತದೆ. ಆದರೆ ಜೀವಕೋಶದ ಪಾಠಕ್ಕೆ ಮಾತ್ರ ನನಗೆ ಯಾವ ವಿಮಾನದ ಹಂಗೂ ಇರಲಿಲ್ಲ. ಆ ಪಾಠವನ್ನು ನಮ್ಮಮ್ಮ ಅಡುಗೆಮನೆಯಲ್ಲಿ ಬೇಯಿಸಿ ಕಳಿಸುತ್ತಿದ್ದಳು.

ನಾನು ಬೋರ್ಡಿನ ಮೇಲೆ ಬರೆದ ಕೋಶ ಯಾವತ್ತೂ ಕೊಯ್ದಿಟ್ಟ ಹಲಸಿನಹಣ್ಣಿನ ಹಾಗೆ ಕಾಣುತ್ತಿತ್ತು. ಅದಕ್ಕೇ ಈ ತಟ್ಟೆಯ ಏರ್ಪಾಡು. ಅಗಲವಾದ ಅಕ್ಕಿರೊಟ್ಟಿ, ಅದರ ಅಂಚೇ ಕೋಶಪೊರೆ. ನಡುವೆ ಪುಟ್ಟ ರಾಗಿಮುದ್ದೆ, ಎಲ್ಲರಿಗೂ ಅಪ್ಪಣೆ ಕೊಡುವ ಕೋಶಕೇಂದ್ರ. ಅದನ್ನು ಸುತ್ತಿಕೊಂಡ ಶಾವಿಗೆ ಎಂಡೋಪ್ಲಾಸ್ಮಿಕ್ ಜಾಲ. ಅದಕ್ಕೆ ಅಂಟಿದ ಸಾಸಿವೆಕಾಳು ಪ್ರೋಟೀನು ತಯಾರಿಸುವ ರೈಬೋಸೋಮು. ತಯಾರಾದ ಸರಕನ್ನು ಕಟ್ಟಿ ಕಳಿಸುವ ಗಾಲ್ಗಿಗೆ ಒಂದರ ಮೇಲೊಂದು ಬಾಗಿಸಿಟ್ಟ ದೋಸೆಚೂರು. ಹಳೆಯದನ್ನೆಲ್ಲ ಕರಗಿಸುವ ಲೈಸೋಸೋಮಿನ ಒಳಗಿರುವುದು ಹುಳಿ ಎಂದು ನಾನು ಹೇಳಿದ್ದೇ ತಡ, ಅಮ್ಮ ಹುಣಸೆಹಣ್ಣಿನ ಉಂಡೆ ಕಟ್ಟಿದಳು. ಮೈಟೊಕಾಂಡ್ರಿಯಾಕ್ಕಂತೂ ನಮ್ಮ ಸೀಮೆಯಲ್ಲಿ ಹುಡುಕಾಟವೇ ಬೇಡ. ಬೆಂದ ಅವರೆಕಾಳು ಥೇಟ್ ಅದೇ ಆಕಾರ.

“ಅಲ್ಲ ಕಣಪ್ಪಾ, ಇಷ್ಟೆಲ್ಲ ಒಂದು ಕಣದೊಳಗೆ ಐತಾ? ಉಸ್ರಾಡಕ್ಕೆ ಜಾಗ ಬ್ಯಾಡ್ವಾ?” ಅಂತ ಅಮ್ಮ ಪ್ರತಿ ಸಲವೂ ಕೇಳುವಳು. “ಉಸಿರಾಟದ ಕೆಲಸವೂ ಅಲ್ಲೇ ನಡೆಯೋದಮ್ಮ, ಈ ಅವರೆಕಾಳಲ್ಲಿ. ಶಕ್ತಿ ಹುಟ್ಟೋದೇ ಇದರಿಂದ” ಎಂದು ನಾನೂ ಪ್ರತಿ ಸಲ ಹೇಳುವೆನು. ಸಂಜೆ ತಟ್ಟೆ ಮನೆಗೆ ವಾಪಸ್ಸು ಬಂದರೆ ಅನ್ನ ಬಿಸಾಡಬಾರದೆಂದು ಅವಳು ಅದರ ಮುಂದೆ ಕೂರುವಳು. ಅವರೆಕಾಳನ್ನೆಲ್ಲ ಆಯ್ದು ನನ್ನ ಬಾಯಿಗೆ ಇಟ್ಟು, “ಶಕ್ತಿ ಅಂದ್ಯಲ್ಲ, ನೀನು ತಿನ್ನು. ಮಕ್ಕಳತ್ರ ಅರಚಿ ಅರಚಿ ಸಾಕಾಗಿರ್ತೀಯ” ಅನ್ನುವಳು. ತಾನು ಒಣಗಿ ಬಿರುಸಾದ ಕೋಶಪೊರೆಯನ್ನು ಮುರಿದುಕೊಂಡು ತಿನ್ನುವಳು. ಹೊಟ್ಟೆ ಬಂದ, ಕೂದಲುದುರಿದ ಮೇಷ್ಟರೊಬ್ಬ ಅಮ್ಮನ ಎದುರು ಬಾಯಿ ಕಳೆದು ಕೂರುವ ದೃಶ್ಯ ನನ್ನ ವಿದ್ಯಾರ್ಥಿಗಳ ಕಣ್ಣಿಗೆ ಬೀಳಲಿಲ್ಲವಲ್ಲ, ಅದೊಂದು ಪುಣ್ಯ.

ಅಮ್ಮ ಈ ಬೇಸಿಗೆಯಲ್ಲಿ ಹೋಗಿಬಿಟ್ಟಳು. ಪಿತೃಪಕ್ಷ ಬಂತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಎಡೆ ಇಡಬೇಕು. ಅಪ್ಪನದು ಯಾವತ್ತೂ ತೊಂದರೆಯಿಲ್ಲ. ನಾಟಿಕೋಳಿ ಸಾರು, ಖಾರ ಮುಂದಾಗಿ, ಪಕ್ಕದಲ್ಲೊಂದು ಬೀಡಿಕಟ್ಟು. ಕುಂದಾಣದಿಂದ ಬಂದಿದ್ದ ನನ್ನ ಸೋದರತ್ತೆ ಕೆಂಪಮ್ಮ ಒಲೆಯ ಮುಂದೆ ನಿಂತು ಕೇಳಿದಳು: “ನಿಮ್ಮವ್ವಂಗೆ ಏನಿಷ್ಟ ಹೇಳ್ಲಾ ಮಂಜ, ಮಾಡಾನ.”

ನಾನು ಕನ್ನಡಕ ಒರೆಸಿಕೊಂಡೆ. ಮುಂದಿನ ಪಾಠ ಇರಲಿಲ್ಲ. ಹೆಂಡತಿಯ ಮುಖ ನೋಡಿದೆ. “ಅವ್ರು ಉಣ್ಣೋದನ್ನ ನಾನು ಸರಿಯಾಗಿ ನೋಡೇ ಇಲ್ಲ ಕಣ್ರೀ. ನಾವೆಲ್ಲ ಎದ್ದಮೇಲೆ ಕೂತು, ಉಳಿದಿದ್ದು ಉಣ್ಣೋರು” ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಣ್ಣಿಗೆ ಕಾಣದ ಕಣದಂಗಗಳ ಕೆಲಸವನ್ನೆಲ್ಲ ಬಾಯಿಪಾಠ ಒಪ್ಪಿಸುವ ನನಗೆ, ನನ್ನ ತಾಯಿಯ ನಾಲಿಗೆಗೆ ಏನು ಹಿತವಾಗಿತ್ತು ಎಂಬುದು ಗೊತ್ತಿರಲಿಲ್ಲ. ಕೊನೆಗೆ, ಎಲ್ಲವನ್ನೂ ಒಂದೊಂದು ಚೂರು ಮಾಡಿಬಿಡಿ ಎಂದೆ.

ಬಡಿಸಲು ಕೂತಾಗ ಏನಾಯಿತೋ, ಕೈ ಅದರ ಪಾಡಿಗೆ ಅದು ಓಡಿತು. “ಇದೇನ್ಲಾ, ಎಡೇನೋ ರಂಗೋಲೀನೋ? ಉಪ್ಪು ಎಡಗಡೆ ಮೊದಲು ಬೀಳಬೇಕು ಕಣೋ, ಮೂದೇವಿ!” ಎಂದು ಅತ್ತೆ ಕೂಗಿದಾಗಲೇ ನಾನು ಎಲೆ ನೋಡಿದ್ದು. ನಡುವೆ ಮುದ್ದೆ, ಸುತ್ತ ಶಾವಿಗೆ, ಅಲ್ಲಲ್ಲಿ ಅವರೆಕಾಳು. ಇಡೀ ಜೀವಕೋಶ ಬಡಿಸಿಟ್ಟಿದ್ದೆ. ಅತ್ತೆ ಸರಿಮಾಡಲು ಕೈ ಚಾಚಿದಳು. ನನ್ನ ಮುಖ ನೋಡಿ ಏನನ್ನಿಸಿತೋ, “ಇರ್ಲಿ ಬಿಡು, ಅವಳಿಗೆ ಅರ್ಥ ಆಯ್ತದೆ” ಎಂದು ಉಪ್ಪು ಮಾತ್ರ ಹಾಕಿ ಎದ್ದಳು.

ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ನನ್ನ ಮಗಳು ಚೈತ್ರ ಒಂಬತ್ತನೇ ಕ್ಲಾಸು, ನನ್ನದೇ ಸ್ಕೂಲು. “ಅಪ್ಪಾ, ಮೈಟೊಕಾಂಡ್ರಿಯಾ ಅಮ್ಮನಿಂದ ಮಾತ್ರ ಬರೋದು ಅಂತ ನೀವೇ ಹೇಳಿದ್ರಲ್ಲ. ಹಂಗಾದ್ರೆ ಅಜ್ಜೀದು ನನ್ನಲ್ಲಿ ಇಲ್ವಾ?” ಅಂದಳು.

ಆಗಲಾದರೂ ಒಂದು ವಿಮಾನ ಬರಬಾರದಿತ್ತೆ? ಬರಲಿಲ್ಲ. ಅಮ್ಮನಿಗೆ ನಾನೊಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ. ಅವಳು ಕೊಟ್ಟದ್ದು ನನ್ನವರೆಗೆ ಬಂದು ನಿಂತಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಈ ದೇಹದಲ್ಲಿ! “ಇಲ್ಲಮ್ಮ” ಎಂದೆ. ಮಗುವಿನ ಕಣ್ಣು ತುಂಬಿತು.

ಒಳಗಿರುವ ಹಿರಿಯರಿಗೆ ಸುಳಿವು ಸಿಗಲೆಂದು ಅತ್ತೆ ಕೆಮ್ಮಿ ಬಾಗಿಲು ತೆಗೆದಳು. ನಾನು ನೆಟ್ಟಗೆ ಎಡೆಯ ಹತ್ತಿರ ಹೋಗಿ ಅವರೆಕಾಳನ್ನೆಲ್ಲ ಆಯ್ದು ತಂದು ಚೈತ್ರಳ ಬಾಯಿಗೆ ಇಟ್ಟೆ. “ತಿನ್ನು, ಅಜ್ಜೀದು.” ಅವಳು ಅಳುತ್ತಲೇ ಅಗಿದಳು. “ಈಗ ಬಂತಾ?” ಅಂದಳು.

“ಬಂತು ಕಣಮ್ಮ” ಎಂದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದರೆ, ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತುವ ಮೇಷ್ಟರು ನಾನೇ.