ಟೊಮೇಟೊ ಹಣ್ಣಿನ ಬೀದಿ ಪ್ರದಕ್ಷಿಣೆ

ಶನಿವಾರ ಕಸ್ತೂರಿರಂಗ ಮೇಷ್ಟ್ರು ಮಾರ್ಕೆಟ್ಟಿನಿಂದ ಬಾಳೆಹಣ್ಣು ತರಲು ಮರೆತದ್ದೇ ಎಲ್ಲಕ್ಕೂ ಮೂಲ.

ಭಾನುವಾರ ಬೆಳಿಗ್ಗೆ ತಾರಸಿಗೆ ಹೋದವರು, ಬಸ್ಸಿನಲ್ಲಿ ಪರ್ಸು ಕಳೆದುಕೊಂಡವರಂತೆ ಎದೆ ಸೊಂಟ ತಡವಿಕೊಂಡರು. ಎಲೆಮರೆಯಲ್ಲೊಂದು ಹಸಿರು ಕಾಯಿ ಬಿಟ್ಟರೆ ಟೊಮೇಟೊ ಗಿಡ ಬೋಳು. ಕೃಷಿ ಸಂಶೋಧನೆಯ ವಿ.ಸಿ. ಫಾರಂನಿಂದ ಸಸಿ ತಂದು, ಬಾಣಂತಿಯ ಹಾಗೆ ಪಥ್ಯ ಮಾಡಿಸಿ ಬೆಳೆಸಿದ ಗಿಡ. ಅಂದು ಬಡಾವಣೆಯ ಸಂಘದ ತಾರಸಿ ತೋಟದ ಸ್ಪರ್ಧೆ. ರುಚಿ ನೋಡಿ ಬಹುಮಾನ: 'ಅತ್ಯುತ್ತಮ ತೋಟಗಾರ' ಎಂದು ಕೆತ್ತಿಸಿದ ದೊಡ್ಡ ಸ್ಟೀಲ್ ಡಬರಿ. ಹೆಂಡತಿಗೆ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. 'ನಿಮ್ಮ ಕೈಲಿ ಗರಿಕೆಯೂ ಚಿಗುರಲ್ಲ' ಎನ್ನುತ್ತಿದ್ದವಳ ಮುಂದೆ ಆ ಡಬರಿಯನ್ನು ಠಣ್ಣೆಂದು ಕುಕ್ಕಬೇಕೆಂಬುದೊಂದೇ ಆಸೆ.

"ಹಣ್ಣೆಲ್ಲಿ ಕನಕಾ?"

"ಇಂದ್ರಮ್ಮನ ಡಬ್ಬಿಗೆ ಹಾಕಿ ಕೊಟ್ಟೆ. ಅವರೆಬೇಳೆ ಕಳಿಸಿದ್ರು, ಡಬ್ಬಿ ಖಾಲಿ ಕೊಡಕ್ಕಾಗತ್ಯೇ? ಬಾಳೆಹಣ್ಣು ತನ್ನಿ ಅಂದ್ರೆ ಕೈಬೀಸ್ಕೊಂಡು ಬಂದ್ರಿ" ಎಂದರು ಕನಕಲಕ್ಷ್ಮಿ.

ಮೇಷ್ಟ್ರು ಬನಿಯನ್ನಿನಲ್ಲೇ ಪಕ್ಕದ ಮನೆಗೆ ಓಡಿದರು. ಇಂದ್ರಮ್ಮ ಅಂಗಳ ಗುಡಿಸುತ್ತಿದ್ದಳು.

"ಅಣ್ಣು ಬಾಳ ಚೆಂದಾಗಿದ್ವು ಮೇಷ್ಟ್ರೇ. ಬೋರಯ್ಯನೋರ ಬೆಲ್ಲದ ಡಬ್ಬಿ ಇಲ್ಲೇ ಉಳ್ಕಂಡಿತ್ತು. ಬರೀ ಡಬ್ಬಿ ಎಂಗ್ ಕೊಡಾದು? ಅದ್ರೊಳಕ್ಕೆ ಆಕ್ ಕೊಟ್ಬುಟ್ಟೆ."

ಮನೆಗೆ ಬಂದವರನ್ನೂ ಬರಿಗೈಲಿ ಕಳಿಸುವವಳಲ್ಲ ಅವಳು. ಕಂಕುಳಿಗೊಂದು ಸೋರೆಕಾಯಿ ತುರುಕಿದಳು.

ಎದುರು ಮನೆಯ ಬೋರಯ್ಯ ಭಾರತೀನಗರದ ಕಡೆ ಗದ್ದೆಯಿದ್ದವನು. ಕಬ್ಬು ಕಡಿಯುವ ಆಳು ಸಿಗದ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ, ಕಾಫಿ ಕುಡಿಸಿದ ಮೇಲಷ್ಟೇ ಟೊಮೇಟೊ ವಿಷಯಕ್ಕೆ ಬಂದ. "ಅವಾ? ಹೊಂಬಾಳಕ್ಕನ ಪಾತ್ರೇಲಿ ಓದ್ವಲ್ಲ!" ಹೊರಡುವಾಗ ಮೇಷ್ಟ್ರ ಹೆಗಲ ಮೇಲೆ ಎರಡು ಜಲ್ಲೆ ಕಬ್ಬು ಕೂತಿತ್ತು.

ಸಂಕ್ರಾಂತಿಯ ಎತ್ತಿನಂತೆ ಅಲಂಕೃತರಾಗಿ ಅವರು ಬೀದಿಯ ತುದಿ ಮುಟ್ಟಿದಾಗ ಹೊಂಬಾಳಮ್ಮ ಬಾಗಿಲಲ್ಲೇ ಇದ್ದಳು. "ನಿಮ್ಮನೆಯೋರು ಗೊಜ್ಜು ಕಳ್ಸಿದ್ರಲ್ಲ, ಆ ಪಾತ್ರೆಗೇ ಆಕಿ ಈಗ್ತಾನೆ ಕೊಟ್ ಬಂದೆ ಕಣೇಳಿ."

ಮೇಷ್ಟ್ರಿಗೆ ಹೋದ ಜೀವ ಬಂತು. ಹಣ್ಣು ತಮಗಿಂತ ಮೊದಲೇ ಮನೆ ಸೇರಿತ್ತು!

ತೀರ್ಪುಗಾರ ಜಯಪ್ರಕಾಶ್ ಕೂಡ ಸೇರಿದ್ದರು. ನಡುಮನೆಯಲ್ಲಿ ಕೂತು, ಉಪ್ಪು ಮೆಣಸು ಉದುರಿಸಿದ ಟೊಮೇಟೊ ಹೋಳುಗಳನ್ನು ಕಣ್ಣು ಮುಚ್ಚಿ ಮೆಲ್ಲುತ್ತಿದ್ದರು. ತಟ್ಟೆಯಲ್ಲಿ ಕೊನೆಯ ಹೋಳು.

"ಇಂಥ ಹಣ್ಣು ತಿಂದು ಎಷ್ಟು ಕಾಲವಾಯ್ತಮ್ಮ. ಯಾರ ಮನೇದು?"

"ಹೊಂಬಾಳಮ್ಮನವರ ಮನೆಯಿಂದ ಬಂತು" ಎಂದರು ಕನಕಲಕ್ಷ್ಮಿ. ಸುಳ್ಳೇನಲ್ಲ.

"ಅದು ನಂದು ಸಾರ್" ಎಂದು ಮೇಷ್ಟ್ರು ಏದುಸಿರು ಬಿಟ್ಟರು.

ಜಯಪ್ರಕಾಶ್ ಬನಿಯನ್ನು, ಸೋರೆಕಾಯಿ, ಕಬ್ಬು ಮೂರನ್ನೂ ಕನಿಕರದಿಂದ ನೋಡಿದರು. "ಬೆಳಗ್ಗಿಂದ ಎಲ್ಲರೂ ಪಕ್ಕದ ಮನೆಯದನ್ನ ತಮ್ಮದೇ ಅಂತಾರೆ ಸ್ವಾಮಿ. ನಿಮ್ಮ ಗಿಡ ನೋಡಿ ಬಂದೆ, ಬರೀ ಎಲೆ. ಆಯಮ್ಮನೂ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾರೆ. ಹೋದರೆ ಒಂದು ಕುಂಡ ದೊಡ್ಡಪತ್ರೆ ಮಾತ್ರ ತೋರಿಸಿದ್ರು. ಎಂಥಾ ಸಂಕೋಚ ಅಂತೀನಿ!"

ಕೊನೆಯ ಹೋಳನ್ನೂ ಬಾಯಿಗಿಟ್ಟುಕೊಂಡು ಬೀದಿಯ ತುದಿಗೆ ನಡೆದರು.

ಸಂಜೆ ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡು ಬಂದಳು. "ದೊಡ್ಡಪತ್ರೆಗೆ ಬೌಮಾನ ಕೊಟ್ಬುಟ್ರು ಮೇಷ್ಟ್ರೇ! ಕುಸಿಗೆ ಪಾಯಸ ಮಾಡ್ದೆ, ಉಣ್ಣಿ" ಎಂದು ಹೊಸ ಡಬರಿಯನ್ನು ಮೇಜಿನ ಮೇಲಿಟ್ಟಳು. ಅದು ಠಣ್ಣೆಂದಿತು.

ಮೇಷ್ಟ್ರು ಪಾಯಸ ಕುಡಿದರು. ಡಬರಿಯನ್ನು ತಾವೇ ತೊಳೆದರು. ಕೆತ್ತಿದ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸುತ್ತಿದ್ದಾಗ ಅಡುಗೆಮನೆಯಿಂದ ಕನಕಲಕ್ಷ್ಮಿಯ ದನಿ ಬಂತು.

"ಅದನ್ನ ಖಾಲಿ ಕೊಟ್ಟುಬಂದೀರಿ ಮತ್ತೆ! ಮೇಲೆ ಗಿಡದಲ್ಲಿ ಇನ್ನೊಂದು ಕಾಯಿ ಇದ್ದ ಹಾಗಿತ್ತು. ಕಿತ್ಕೊಂಡು ಬನ್ನಿ."