ಮಾವನ ವಿಮಾನ ಕಂಪನಿ

ಒಂದು ವಿಮಾನ ಕಂಪನಿಯ ಮಾಲೀಕರು ಜನ್ಮದಲ್ಲಿ ವಿಮಾನ ಹತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು, ಅವರು ನನ್ನ ಸೋದರಮಾವ! ಹೈದರಾಬಾದಿನ ಬಾಲಾನಗರದ ವರ್ಕ್‌ಶಾಪಿನಲ್ಲಿ ಲೇತ್ ಮಶೀನು ನಡೆಸುತ್ತಿದ್ದ ಮಾವ, ಆ ಕಂಪನಿಯ ಇನ್ನೂರು ಷೇರು ಕೊಂಡ ದಿನದಿಂದ ಅದನ್ನು ‘ನಮ್ಮ ಕಂಪನಿ’ ಎಂದೇ ಕರೆಯುತ್ತಿದ್ದರು.

ಊರೆಲ್ಲ ಸಾಫ್ಟ್‌ವೇರ್ ಷೇರಿಗೆ ಮುಗಿಬಿದ್ದ ಕಾಲ ಅದು. ನಾನೂ ಅದನ್ನೇ ಕೊಳ್ಳಲು ಹೇಳಿದೆ.

“ಸಾಫ್ಟ್‌ವೇರ್ ಕಣ್ಣಿಗೆ ಕಾಣಂಗಿಲ್ಲೋ ಅಳಿಯಾ. ವಿಮಾನ ದಿನಾ ನಮ್ಮ ಮಾಳಿಗಿ ಮ್ಯಾಲೆ ಹಾದು ಹೋಗತೈತಿ” ಎಂದರು.

ಬೆಳಿಗ್ಗೆ ಚಹಾ ಹಿಡಿದು ಮಾಳಿಗೆ ಹತ್ತಿ, ತಮ್ಮ ಕಂಪನಿಯ ವಿಮಾನ ಹೊತ್ತಿಗೆ ಸರಿಯಾಗಿ ಬಂತೇ ಎಂದು ಗಡಿಯಾರ ನೋಡುವುದು ಅವರ ನಿತ್ಯಪೂಜೆ. ತಡವಾದರೆ ಅವತ್ತು ಉಪ್ಪಿಟ್ಟು ರುಚಿಸುತ್ತಿರಲಿಲ್ಲ.

ಅತ್ತೆಗೆ ಇದ್ದದ್ದು ಒಂದೇ ಆಸೆ. ಆ ವಿಮಾನದ ಕಿಟಕಿಯಿಂದ ಒಮ್ಮೆ ತಮ್ಮ ಮಾಳಿಗೆಯನ್ನು ನೋಡಬೇಕು! ಮಾವ ಒಪ್ಪಿದರು, ಆದರೆ ಟಿಕೆಟ್ಟು ಡಿವಿಡೆಂಡಿನ ದುಡ್ಡಿನಲ್ಲೇ ಬರಬೇಕು, ಅಸಲಿಗೆ ಕೈ ಹಚ್ಚಕೂಡದು ಎಂದು ಷರತ್ತು ಹಾಕಿದರು.

ಕೊನೆಗೂ ಒಂದು ವರ್ಷ ಡಿವಿಡೆಂಡಿನ ಚೆಕ್ಕು ಬಂತು. ಮನೆಗೆ ಬಂದ ಲಕ್ಷ್ಮಿಯನ್ನು ಕೂಡಲೇ ಬ್ಯಾಂಕಿಗೆ ಕಳಿಸುವುದುಂಟೇ? ಅರಿಶಿನ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟರು. ದೀಪಾವಳಿಯ ಲಕ್ಷ್ಮೀಪೂಜೆ ಮುಗಿಸಿ, ಒಳ್ಳೆಯ ದಿನ ನೋಡಿ ಬ್ಯಾಂಕಿಗೆ ಒಯ್ದರೆ ಅದರ ಅವಧಿಯೇ ಮುಗಿದಿತ್ತು! ಕುಂಕುಮದಡಿ ತಾರೀಖು ಹುಡುಕಿದ ಗುಮಾಸ್ತೆ ಎರಡೂ ಕೈಯಿಂದ ಭಕ್ತಿಯಿಂದ ಹಿಂದಿರುಗಿಸಿದಳಂತೆ. ಅದರಲ್ಲಿ ಇದ್ದದ್ದಾದರೂ ಎಷ್ಟು? ಏರ್‌ಪೋರ್ಟಿನವರೆಗೆ ಆಟೋಗೆ ಸಾಲುವಷ್ಟು.

ಆಮೇಲೆ ವಿಮಾನದ ಎಣ್ಣೆಯ ಬೆಲೆ ಏರಿತು. ವಿಮಾನ ತುಂಬಿ ಹಾರಿದರೂ ಗಳಿಕೆಯೆಲ್ಲ ಎಣ್ಣೆಗೇ ಹೋಗಿ, ಡಿವಿಡೆಂಡು ನಿಂತಿತು, ಷೇರು ಇಳಿಯಿತು. ಮಾಲೀಕರು ಸುಮ್ಮನಿರುತ್ತಾರೆಯೇ? ಕಂಪನಿಗೆ ಪತ್ರ ಬರೆದರು. ತಾವು ಇಳಿಜಾರಿನಲ್ಲಿ ಸ್ಕೂಟರಿನ ಎಂಜಿನ್ ಬಂದ್ ಮಾಡಿ ಪೆಟ್ರೋಲು ಉಳಿಸುವುದಾಗಿಯೂ, ಪೈಲಟ್ಟುಗಳು ಇಳಿಯುವಾಗ ಹಾಗೇ ಮಾಡಬಹುದೆಂದೂ ಸಲಹೆ ಕೊಟ್ಟರು! ‘ನಿಮ್ಮ ಸಲಹೆಗೆ ಧನ್ಯವಾದ’ ಎಂದು ಬಂದ ಉತ್ತರವನ್ನು ಓಣಿಯವರೆಲ್ಲ ಓದಬೇಕಾಯಿತು.

ಅತ್ತೆಯ ಕಣ್ಣು ಮಬ್ಬಾಗತೊಡಗಿದ್ದು ಆಗಲೇ. ಇದು ಪೊರೆಯಲ್ಲ, ಕಣ್ಣಿನ ನರವೇ ಸೋಲುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ಸಿಕಂದರಾಬಾದಿನ ಡಾಕ್ಟರು ಹೇಳಿದರು. ಅಲ್ಲಿಂದ ಬರುವಾಗ ಮಾವ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವುದನ್ನೂ ಮರೆತರಂತೆ. ಮರುದಿನವೇ ಇನ್ನೂರು ಷೇರನ್ನೂ ಅರ್ಧ ಬೆಲೆಗೆ ಮಾರಿ, ಬೆಂಗಳೂರಿಗೆ ಅದೇ ಕಂಪನಿಯ ವಿಮಾನದ ಎರಡು ಟಿಕೆಟ್ಟು ತಂದರು.

ಹೊರಟ ದಿನ, ಮೇಲಿನಿಂದ ಗುರುತು ಸಿಗಲೆಂದು, ಮಾಳಿಗೆಯ ಮೇಲೆ ನಿಂತು ಅತ್ತೆಯ ಕೆಂಪು ಇಳಕಲ್ ಸೀರೆ ಬೀಸುವ ಕೆಲಸ ನನ್ನದು. ವಿಮಾನ ಕಂಡದ್ದೇ ತಡ, ಹುಚ್ಚನ ಹಾಗೆ ಬೀಸಿದೆ. ಓಣಿಯ ಮಂದಿ ನಕ್ಕರೆ ನಗಲಿ!

ಅವರು ಮರಳಿ ಬಂದಾಗ, ಸೀರೆ ಕಂಡಿತೇ ಎಂದು ಅತ್ತೆಯನ್ನು ಕೇಳಿದೆ.

“ಕೆಂಪಗ ಕಂಡ್ತಪಾ. ಭಾಳ ಚಂದ ಕಂಡ್ತು” ಎಂದರು.

ಲುಕ್ಸಾನು ಎಷ್ಟಾಯಿತೆಂದು ಮಾವನನ್ನು ಕೇಳಿದೆ.

“ಬೆಂಗಳೂರು ಬರೋತನಕ ನಿಮ್ಮ ಅತ್ತಿ ಕಿಟಕಿ ಬಿಟ್ಟು ಒಂದ್ ಸಲಾನೂ ಈ ಕಡಿ ತಿರುಗಲಿಲ್ಲ. ಇನ್ನೇನ್ ಡಿವಿಡೆಂಡ್ ಬೇಕೋ ಅಳಿಯಾ?”

ವರ್ಷದೊಳಗೆ ಅತ್ತೆಗೆ ವಿಮಾನದ ಸದ್ದು ಮಾತ್ರ ಉಳಿಯಿತು. ಮಾವ ದಿನಾ ಅವರ ಕೈಹಿಡಿದು ಮಾಳಿಗೆಗೆ ಕರೆದೊಯ್ದು, ಸದ್ದು ಬಂದಾಗ “ನಮ್ಮ ಕಂಪನೀದು” ಎನ್ನುತ್ತಿದ್ದರು. ಅವರ ಹತ್ತಿರ ಆಗ ಒಂದು ಷೇರೂ ಇರಲಿಲ್ಲ.